ಬಲಕ್ಕೆ ಬಿದ್ದ ಎಸಳು

ಮೊದಲು ಬಂದದ್ದು ಆ ಯೋಚನೆಯೋ, ಮೊದಲು ಬಿದ್ದದ್ದು ಎಸಳೋ, ನನಗೆ ಈಗಲೂ ಖಚಿತವಿಲ್ಲ. ಯೋಚನೆಯೇ ಮೊದಲು ಬಂತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಆಗ ಬೆನ್ನು ತಣ್ಣಗಾಗುತ್ತದೆ. ಇಲ್ಲ, ಎಸಳು ಬಿದ್ದ ಮೇಲೆ ಹೆದರಿಕೆಯಿಂದ ಆ ಯೋಚನೆ ಹುಟ್ಟಿತು ಎಂದು ಇನ್ನೊಮ್ಮೆ ಅನ್ನಿಸುತ್ತದೆ, ಆಗ ಊಟ ಸೇರುತ್ತದೆ. ಎರಡರ ನಡುವೆ ಇದ್ದದ್ದು ಒಂದು ಉಸಿರಿನಷ್ಟು ಹೊತ್ತು. ಸ್ನೇಹಿತರಿಗೆ ಇದನ್ನು ಕೆಲವು ಸಲ ಹೇಳಿದ್ದೇನೆ. ಹೇಳಿದಾಗಲೆಲ್ಲ ಸ್ವಲ್ಪ ಬೇರೆಯಾಗಿದೆ. ಈಗ ನನಗೆ ನೆನಪಿರುವುದು ಆ ದಿನವೋ, ಹಿಂದಿನ ಸಲ ಅದನ್ನು ಹೇಳಿದ ರೀತಿಯೋ ಎಂಬ ಅನುಮಾನವೂ ಇದೆ.

ನಾನು ಚನ್ನಗಿರಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ನಾಣ್ಯ ಎಸೆದರೆ ಹೆಡ್ಡೋ ಟೇಲೋ ಬೀಳುತ್ತದೆ, ಎಸೆದವನ ಮನಸ್ಸಿನಲ್ಲಿ ಏನಿದೆ ಎಂಬುದು ನಾಣ್ಯಕ್ಕೆ ಗೊತ್ತಿಲ್ಲ ಎಂದು ವರ್ಷವೂ ಹುಡುಗರಿಗೆ ಹೇಳುವವನು. ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆ ನ್ಯಾಮತಿಯ ತವರಿಗೆ ಹೋಗಿದ್ದಳು. ಅವರದು ಮುಂದೆ ಬೀಜ ಗೊಬ್ಬರದ ಅಂಗಡಿ, ಹಿಂದೆ ಮನೆ. ದಿನ ಹತ್ತಿರವಾದಾಗ ನಾನೂ ರಜೆ ಹಾಕಿ ಅಲ್ಲಿಗೇ ಹೋದೆ.

ತೋರಿಸುತ್ತಿದ್ದದ್ದು ಹೊನ್ನಾಳಿಯ ಒಂದು ನರ್ಸಿಂಗ್ ಹೋಮಿನಲ್ಲಿ. ಡಾಕ್ಟರು ಹೆಚ್ಚು ಮಾತಾಡದ ಹೆಂಗಸು. ಆ ಶುಕ್ರವಾರ ಮಾತ್ರ ಕುರ್ಚಿ ಮುಂದೆಳೆದುಕೊಂಡು ಕೂತರು.

"ಸಕ್ಕರೆ ಸ್ವಲ್ಪ ಏರಿದೆ, ಮಗುನೂ ದಪ್ಪ ಇದೆ. ದಿನ ತುಂಬಿದ ಮೇಲೆ ಸುಮ್ನೆ ಕಾಯೋದು ನನಗೆ ಇಷ್ಟ ಇಲ್ಲ. ಔಷಧಿ ಇಟ್ಟು ನೋವು ಬರಿಸಬಹುದು. ನೋವು ಸರಿಯಾಗಿ ಬರದಿದ್ರೆ, ಇಲ್ಲ ಮಗು ಸುಸ್ತಾದ್ರೆ, ಆಮೇಲೆ ಆಪರೇಷನ್ನೇ ಆಗುತ್ತೆ. ಅದು ಬೇಡ ಅಂದ್ರೆ ಮೊದಲೇ ದಿನ ಇಟ್ಟುಕೊಂಡು ಸಿಸೇರಿಯನ್ ಮಾಡ್ತೀನಿ. ನಿಮ್ಮ ವಿಷಯದಲ್ಲಿ ಎರಡೂ ತಪ್ಪಲ್ಲ. ಯೋಚನೆ ಮಾಡಿ ಸೋಮವಾರ ಹೇಳಿ."

ಎರಡೂ ತಪ್ಪಲ್ಲ ಎಂಬುದೇ ಕಷ್ಟವಾಯಿತು. ಒಂದು ತಪ್ಪಾಗಿದ್ದರೆ ಇನ್ನೊಂದನ್ನು ಹಿಡಿದುಕೊಳ್ಳಬಹುದಿತ್ತು.

ಆ ಮನೆಯ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಎಂಟನೇ ತಿಂಗಳಲ್ಲಿ ಮಠದ ಅಯ್ಯನವರು ಬಂದು ಹೊಟ್ಟೆಯೊಳಗಿನ ಮಗುವಿಗೆಂದು ಪುಟ್ಟ ಲಿಂಗವೊಂದನ್ನು ಕಟ್ಟಿ ಹೋಗಿದ್ದರು. ಮಗು ಹುಟ್ಟುವವರೆಗೆ ಅದು ತಾಯಿಯ ಮೈಮೇಲೆ, ಅವಳ ಸ್ವಂತ ಇಷ್ಟಲಿಂಗದ ಜೊತೆಗೆ ಇರುತ್ತದೆ. ಜಗಳೂರಿನ ನಮ್ಮ ಮನೆಯಲ್ಲಿ ಇದು ನಾನು ಹುಟ್ಟುವ ಮೊದಲೇ ಬಿಟ್ಟುಹೋಗಿತ್ತು. ಇಲ್ಲಿ ಅದನ್ನು ಕಟ್ಟಿದ ದಿನದಿಂದ ಮಗುವೂ ಮನೆಯ ಒಬ್ಬರ ಲೆಕ್ಕ. ಅತ್ತೆ ಬೆಳಿಗ್ಗೆ ಮಗಳ ಕೋಣೆಗೆ ಇಣುಕಿ "ಇಬ್ರೂ ಎದ್ರೇನವ್ವ?" ಅನ್ನುವರು. ಮಧ್ಯಾಹ್ನ "ಇಬ್ರೂ ಉಂಡ್ರಾ?" ಅನ್ನುವರು. ನಾನು ಮೊದಮೊದಲು ನಗುತ್ತಿದ್ದೆ. ಒಂದು ಮಧ್ಯಾಹ್ನ ಹೆಂಡತಿ ಮಲಗಿ ನಿದ್ದೆ ಹೋಗಿದ್ದಾಗ ನಾನು ಪಕ್ಕದಲ್ಲಿ ಕೂತು ಓದುತ್ತಿದ್ದೆ. ಹೊಟ್ಟೆಯ ಮೇಲಿದ್ದ ಆ ಪುಟ್ಟ ಲಿಂಗ ತಾನಾಗಿ ಮೇಲೆದ್ದಿತು, ಒಂದು ಬದಿಗೆ ಸರಿಯಿತು, ನಿಂತಿತು. ಮಗು ಕಾಲು ಆಡಿಸಿತ್ತು, ಅಷ್ಟೇ. ಆದರೂ ಒಳಗಿನಿಂದ ಯಾರೋ ಬಾಗಿಲನ್ನು ಸ್ವಲ್ಪ ತಳ್ಳಿ ನೋಡಿ, ಹೊರಗೆ ನಾನಿರುವುದು ಗೊತ್ತಾಗಿ ಸುಮ್ಮನಾದಂತೆ ಕಂಡಿತು. ಅಂದಿನಿಂದ ನಗುವುದು ನಿಂತಿತು.

ಶುಕ್ರವಾರ ಸಂಜೆಯಿಂದ ಮನೆಯಲ್ಲಿ ಅದೇ ಮಾತು. ಹೆಂಡತಿಗೆ ನೋವು ಬರಿಸಿಕೊಂಡೇ ನೋಡುವ ಮನಸ್ಸು.

"ಎಚ್ಚರ ಇರೋವಾಗ್ಲೇ ಒಂದು ಪರದೆ ಕಟ್ಟಿ ಹೊಟ್ಟೆ ಕೊಯ್ತಾರಂತೆ. ಕೊಯ್ಯಲೇಬೇಕು ಅಂದ್ರೆ ಕೊಯ್ಲಿ. ಮೊದ್ಲೇ ಯಾಕೆ? ನನ್ನ ಮೈ ಒಂದ್ಸಲ ತಾನೇ ನೋಡ್ಲಿ."

ನಾನು ಅವಳ ಕಡೆ. ಓದಬಹುದಾದದ್ದನ್ನೆಲ್ಲ ಓದಿ, ಅತ್ತೆಗೆ ಅರ್ಥವಾಗುವ ಹಾಗೆ ವಿವರಿಸಿದೆ. ಅವರು ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡರು.

"ಅಳಿಯಂದ್ರೇ, ನೀವು ಓದಿದ್ದು ಸರಿ ಐತೆ. ನನ್ನ ಮೊದಲನೇದಕ್ಕೂ ಸೂಜಿ ಹಾಕಿ ನೋವು ಬರ್ಸಿದ್ರು. ನೋವು ಬಂತು. ಮಗು ಬಂತು. ಉಸಿರು ಬರ್ಲಿಲ್ಲ."

ಅಂಥದೊಂದು ಮಗು ಇತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಹೆಂಡತಿಗೆ ಗೊತ್ತಿತ್ತು. "ಅವ್ವ, ಆವಾಗಿನ ಕಾಲ ಬೇರೆ" ಅಂದಳು.

"ಕಾಲ ಬೇರೆ ಕಣೇ. ಹೊಟ್ಟೆ ಅದೇ ಅಲ್ವೇನು?"

ಜಗಳೂರಿಗೆ ಫೋನ್ ಮಾಡಿ ನನ್ನ ತಾಯಿಯನ್ನು ಕೇಳಿದೆ. ಆಕೆಗೆ ನಗು ಬಂತು. "ಹೆಂಗೆ ಹಡಿತೀಯವ್ವ ಅಂತ ನನ್ನ ಯಾರು ಕೇಳಿದ್ರಪ್ಪ? ಆ ಹುಡುಗಿನ ಕೇಳು. ಹಡೆಯಾಕೆ ನೀನೇನು ಹೋಗ್ತೀಯಾ?"

ಅತ್ತೆಯೂ ಮಗಳೂ ಮಾತು ಬಿಡುವ ಹಂತಕ್ಕೆ ಬಂದಾಗ ದಾರಿ ಹುಡುಕಿದವರು ಅತ್ತೆಯೇ. ಹೊನ್ನಾಳಿ ರಸ್ತೆಯಿಂದ ಸ್ವಲ್ಪ ಒಳಗೆ ಒಂದು ಊರಿನಲ್ಲಿ ಅಮ್ಮನ ಗುಡಿಯಿದೆ. ಅಲ್ಲಿ ಹೂ ಕೇಳುತ್ತಾರೆ. ಮದುವೆ, ಬೋರ್‌ವೆಲ್ ಪಾಯಿಂಟು, ಅಂಗಡಿ ಬದಲಿಸುವುದು, ಎಲ್ಲವನ್ನೂ ಆ ಮನೆಯವರು ಅಲ್ಲಿ ಕೇಳಿಯೇ ಮಾಡಿದ್ದು. ಅಮ್ಮ ಏನು ಕೊಡುತ್ತಾಳೋ ಹಾಗೆ ಮಾಡೋಣ ಎಂದರು. ಹೆಂಡತಿ ಒಪ್ಪಿದಳು. ನಾನು ಬೇಡವೆನ್ನಲಿಲ್ಲ. ಜಗಳ ನಿಂತರೆ ಸಾಕಾಗಿತ್ತು. ನಾಣ್ಯವಾದರೇನು, ಹೂವಾದರೇನು.

ಭಾನುವಾರ ತಿಂಡಿಯಾದ ಮೇಲೆ ಹೊರಟೆವು. ಕಾರು ಓಡಿಸಿದ್ದು ನನ್ನ ಹೆಂಡತಿಯ ಅಣ್ಣನ ಹೆಂಡತಿ. ನಾನೂ ಅವರನ್ನು ಹೆಂಡತಿಯಂತೆ ಅತ್ತಿಗೆ ಎಂದೇ ಕರೆಯುವುದು. ರಸ್ತೆಯ ಗುಂಡಿಗಳಲ್ಲಿ ಕಾರು ಕುಣಿದಾಗಲೆಲ್ಲ ಆಕೆ ಹಿಂದಕ್ಕೆ ತಿರುಗಿ "ಹಿಂಗೇ ಇನ್ನೊಂದು ಮೈಲಿ ಹೋದ್ರೆ ಡಾಕ್ಟ್ರೂ ಬ್ಯಾಡ, ಅಮ್ಮನೂ ಬ್ಯಾಡ" ಅನ್ನುತ್ತಿದ್ದರು.

ಗುಡಿ ಚಿಕ್ಕದು. ಹೊರಗೆ ಸುಡುವ ಬಿಸಿಲು. ಒಳಗೆ ಕಾಲಿಟ್ಟ ಕೂಡಲೇ ಒದ್ದೆ ಕಲ್ಲಿನ, ಎಣ್ಣೆಯ ವಾಸನೆ. ನಮ್ಮ ಹೊರತು ಯಾರೂ ಇರಲಿಲ್ಲ. ಪೂಜಾರಿ ಸೇವಂತಿಗೆಯ ಎಸಳುಗಳನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡೂ ಭುಜಗಳಿಗೆ ಅಂಟಿಸಿದ.

"ಒಂದೇ ಮಾತು ಕೇಳ್ಕೊಳ್ರಿ. ಬಾಯಿ ಬಿಡಬ್ಯಾಡ್ರಿ, ಮನಸಿನಾಗೆ ಕೇಳ್ರಿ. ಬಲ ಕೊಟ್ರೆ ಹೂಂ. ಎಡ ಕೊಟ್ರೆ ಬ್ಯಾಡ ಅಂತ."

ಗಂಟೆ ಬಾರಿಸಿ ಪಕ್ಕಕ್ಕೆ ಸರಿದು ನಿಂತ. ಅತ್ತೆಯ ತುಟಿ ಆಡುತ್ತಿತ್ತು. ಹೆಂಡತಿ ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು ನಿಂತಿದ್ದಳು. ನಾನು ಏನನ್ನೂ ಕೇಳಬಾರದೆಂದು ನಿಶ್ಚಯಿಸಿಯೇ ಬಂದಿದ್ದೆ. ಎಸಳಿನ ನೀರು ಆರುತ್ತದೆ, ಆರಿದ್ದು ಬೀಳುತ್ತದೆ, ಅಷ್ಟು ಬಿಟ್ಟರೆ ಇಲ್ಲಿ ಏನೂ ನಡೆಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಮನಸ್ಸನ್ನು ಖಾಲಿ ಇಟ್ಟುಕೊಳ್ಳುತ್ತೇನೆ ಎಂದವನ ಮನಸ್ಸು ಖಾಲಿ ಇರುವುದಿಲ್ಲ. ಅಲ್ಲಿ ನಿಂತಿದ್ದಾಗ, ಯಾರೋ ಪಕ್ಕದಲ್ಲಿ ನಿಂತು ಹೇಳಿಕೊಟ್ಟಷ್ಟು ಸ್ಪಷ್ಟವಾಗಿ, ಒಂದು ಮಾತು ಬಂತು:

ಈ ಮಗು ಉಳಿಯುವುದಿಲ್ಲ, ಅಲ್ಲವೇ?

ಉಳಿಯುತ್ತದೆಯೇ ಎಂದು ಯಾಕೆ ಬರಲಿಲ್ಲವೋ ತಿಳಿಯದು. ಬಂದದ್ದು ಹೀಗೆಯೇ.

ಎಸಳು ಬಿದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಮ್ಮನ ಬಲಭುಜದ ಹಳದಿ ಎಸಳೊಂದು ನಿಧಾನವಾಗಿ ಸಡಿಲವಾಯಿತು. ಸೀರೆಯ ಮಡಿಕೆಯ ಹತ್ತಿರ ಒಂದು ಕ್ಷಣ ಸಿಕ್ಕಿಕೊಂಡಿತು, ಇನ್ನು ಬೀಳುವುದೇ ಇಲ್ಲವೇನೋ ಎಂಬಂತೆ. ಆಮೇಲೆ ಒಮ್ಮೆ ಹೊರಳಿ ಕೆಳಗಿನ ತಾಟಿಗೆ ಬಿತ್ತು. "ಕೊಟ್ಲು, ಕೊಟ್ಲು, ಬಲ ಕೊಟ್ಲು!" ಎಂದು ಅತ್ತಿಗೆ ಕೂಗಿದರು.

ಕಾರು ಡಾಂಬರು ರಸ್ತೆಗೆ ಬರುವವರೆಗೆ ಎಲ್ಲರೂ ಸಮಾಧಾನದಿಂದಿದ್ದರು. ಅತ್ತೆ ಮಗಳ ತೊಡೆಯ ಮೇಲೆ ಕೈಯಿಟ್ಟು ಹೇಳಿದರು: "ಆಯ್ತಲ್ಲವ್ವ. ನಾಳೆ ಹೋಗಿ ಆಪರೇಷನ್ನಿಗೆ ದಿನ ಹಿಡಿದು ಬಂದುಬಿಡಾಣ."

"ಆಪರೇಷನ್ನಾ? ನೋವು ಬರ್ಸಲಾ ಅಂತ ನಾನು ಕೇಳಿದ್ದು. ಬಲ ಕೊಟ್ಲಲ್ಲ!"

"ನೀನು ಯಾವಾಗ ಕೇಳ್ದೆ? ಆಪರೇಷನ್ ಮಾಡಿಸ್ಲಾ ತಾಯಿ ಅಂತ ಕೇಳಿದ್ದು ನಾನು."

ಪ್ರಶ್ನೆ ಯಾವುದು, ಕೇಳುವವರು ಯಾರು ಎಂದು ನಾವು ಮೊದಲೇ ಮಾತಾಡಿಕೊಂಡೇ ಇರಲಿಲ್ಲ. ಗೊತ್ತೇ ಇದೆಯಲ್ಲ ಎಂದು ಪ್ರತಿಯೊಬ್ಬರೂ ಅಂದುಕೊಂಡಿದ್ದರು. ಬಾಯಿ ಬಿಡಬಾರದೆಂದು ಕಟ್ಟಪ್ಪಣೆ ಬೇರೆ.

ಅತ್ತಿಗೆಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ನಮ್ಮವ್ವ! ಹಂಗಾದ್ರೆ ಇಬ್ರಿಗೂ ಹೂಂ ಅಂದ್ಲಾ? ಅಣ್ಣಾರೇ, ನೀವೇನು ಕೇಳಿದ್ರಿ?"

"ನಾನು ಏನೂ ಕೇಳಲಿಲ್ಲ" ಅಂದೆ.

"ಬಿಡ್ರಿ, ಮೇಷ್ಟ್ರು ಅಮ್ಮನ್ನೇ ಪರೀಕ್ಷೆ ಮಾಡಾಕೆ ಬಂದಿರ್ತಾರೆ."

ಮುಂದಿನ ಸೀಟಿನಲ್ಲಿದ್ದ ನನ್ನನ್ನು ಹೆಂಡತಿ ಕನ್ನಡಿಯಲ್ಲಿ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ನಾನು ಕೂತಲ್ಲಿ ಕೂರಲಿಲ್ಲ. ಅಂಗಡಿಗೆ ಹೋಗಿ ಬೀಜದ ಚೀಲಗಳ ನಡುವೆ ನಿಲ್ಲುವುದು, ಮತ್ತೆ ಒಳಗೆ ಬಂದು ಅವಳ ಹೊಟ್ಟೆ ನೋಡುವುದು. ಮಗು ಆಡುತ್ತಿದೆಯಾ ಎಂದು ಕೇಳುವುದು. "ಆಡ್ತೈತೆ" ಅನ್ನುತ್ತಿದ್ದಳು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳುತ್ತಿದ್ದೆ. ಒಂದು ಸಲ ಅವಳು ಉತ್ತರಿಸುವ ಮೊದಲು ತಡೆದು, ಒಳಗಿನದನ್ನು ಕೇಳಿಸಿಕೊಳ್ಳುವವಳಂತೆ ತಲೆ ಬಾಗಿಸಿದಳು. "ಈಗ ಮಲಗಿರ್ಬೇಕು" ಅಂದಳು. ಅತ್ತೆ ಒಳಗಿನಿಂದ ಎಂದಿನಂತೆ ಕೂಗಿದರು: "ಇಬ್ರಿಗೂ ಕಾಫಿ ಇಡ್ಲೇನವ್ವ?" ಇಬ್ಬರು ಎಂಬ ಆ ಲೆಕ್ಕ ಈಗಾಗಲೇ ತಪ್ಪಿದ್ದರೆ?

ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಆಪರೇಷನ್ನಿನ ಪಕ್ಷ ಸೇರಿದ್ದೆ. ಮಗು ದಪ್ಪ, ಸಕ್ಕರೆ, ಗೊತ್ತಿರುವ ದಿನ, ಹಗಲು ಹೊತ್ತು, ಎಲ್ಲ ಡಾಕ್ಟರುಗಳೂ ಕೈಗೆ ಸಿಗುವ ವೇಳೆ. ಕಾರಣಗಳು ಒಂದರ ಹಿಂದೆ ಒಂದು ಬಂದವು. ಹಿಂದಿನ ದಿನ ಅಷ್ಟೇ ಚೆನ್ನಾಗಿ ಉಲ್ಟಾ ವಾದಿಸಿದ್ದೆ. ಅತ್ತೆಗೆ ಖುಷಿಯಾಯಿತು. ಹೆಂಡತಿ ತಟ್ಟೆ ಸರಿಸಿ ಕೋಣೆಗೆ ಹೋದಳು. ನಾನು ಹಿಂದೆಯೇ ಹೋದೆ.

"ಗುಡಿಗೆ ಹೋಗೋ ತನಕ ನೀವು ನನ್ನ ಕಡೆ ಇದ್ರಿ. ಅಲ್ಲಿ ಏನು ಕೇಳಿದ್ರಿ?"

"ಏನೂ ಇಲ್ಲ ಅಂದೆನಲ್ಲ."

"ಕೆಟ್ಟದ್ದೇ ಕೇಳಿರ್ತೀರಿ. ಮುಖ ನೋಡಿದ್ರೆ ಗೊತ್ತಾಗಲ್ವಾ?"

ನಾನು ಹೇಳಲಿಲ್ಲ. ಹೇಗೆ ಹೇಳುವುದು? ಅವಳು ಮಂಚದ ಮೇಲೆ ಕೂತು, ಎರಡೂ ಲಿಂಗಗಳನ್ನು ಸೆರಗಿನೊಳಗೆ ಸರಿಪಡಿಸಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದಳು: "ನೋವು ಬರ್ಸಲಾ ಅಂತ ಕೇಳ್ಬೇಕು ಅಂತಲೇ ನಿಂತಿದ್ದೆ. ಆದ್ರೆ ನಂಗೂ ಅದೇ ಬಂತು. ಉಳಿಯಲ್ಲ ಅಲ್ವಾ ಅಂತ."

ಹೀಗೆ ಅವಳು ಹೇಳಿದಳು ಎಂದು ನನ್ನ ನೆನಪು. ಅವಳು ಈಗ ಇದನ್ನು ಒಪ್ಪುವುದಿಲ್ಲ. "ಅಂಥ ಮಾತನ್ನ ನಾನು ಯಾಕೆ ಆಡ್ಲಿ? ನೀವೇ ನನ್ನ ಹತ್ರ ಹೇಳಿದ್ದು" ಅನ್ನುತ್ತಾಳೆ. ಇಬ್ಬರಲ್ಲಿ ಒಬ್ಬರು ಆ ಕೋಣೆಯಲ್ಲಿ ಆ ಮಾತು ಆಡಿದ್ದು ನಿಜವಿರಬೇಕು. ಯಾರು ಎಂದು ಕೇಳಿದರೆ ನನಗೆ ಅವಳ ಧ್ವನಿಯೇ ಕೇಳಿಸುತ್ತದೆ.

ಮರುದಿನ ಡಾಕ್ಟರ ಮುಂದೆ ಅವಳು ನನ್ನನ್ನೂ ನೋಡಲಿಲ್ಲ, ತಾಯಿಯನ್ನೂ ನೋಡಲಿಲ್ಲ.

"ಮೇಡಂ, ನೋವು ಬರ್ಸಿದ್ರೆ ಮಗು ಸುಸ್ತಾಗಿದ್ದು ನಿಮಗೆ ಬೇಗ ಗೊತ್ತಾಗುತ್ತಾ?"

"ಮಷಿನ್ ಹಾಕಿರ್ತೀವಿ. ಎದೆಬಡಿತ ನೋಡ್ತಾನೇ ಇರ್ತೀವಿ. ಅನುಮಾನ ಬಂದ್ರೆ ಕಾಯಲ್ಲ, ತಕ್ಷಣ ಒಳಗೆ ಕರ್ಕೊಂಡು ಹೋಗ್ತೀವಿ."

"ಹಂಗಾದ್ರೆ ನೋವು ಬರ್ಸಿ."

ಅತ್ತೆ ಏನೋ ಹೇಳಲು ಹೋದರು. ಅವಳು ಅವರ ಕೈ ಹಿಡಿದುಕೊಂಡಳು. "ಅವ್ವ, ನಿಂದು ಮುಗೀತು. ಇದು ನಂದು."

ಒರಟಾದ ಮಾತು. ಆದರೆ ಅತ್ತೆ ಆ ಕೈಯನ್ನು ಬಿಡಲಿಲ್ಲ.

ಔಷಧಿ ಇಟ್ಟರು. ಮರುದಿನ ಬೆಳಗಿನ ಹೊತ್ತಿಗೆ ನೋವು ಹತ್ತಿಕೊಂಡಿತು. ಹೊಟ್ಟೆಗೆ ಪಟ್ಟಿ ಕಟ್ಟಿ ಮಷಿನ್ ಹಾಕಿದ್ದರು. ಕೋಣೆ ತುಂಬ ಮಗುವಿನ ಎದೆಬಡಿತ, ನೀರಿನ ಅಡಿಯಲ್ಲಿ ಯಾರೋ ಓಡುತ್ತಿರುವಂತೆ. ಅದು ಕೇಳುತ್ತಿರುವವರೆಗೆ ಧೈರ್ಯ. ಮಧ್ಯಾಹ್ನ ಒಂದು ನೋವಿನ ನಂತರ ಓಟ ನಿಧಾನವಾಯಿತು. ಮತ್ತೆ ಸರಿಹೋಯಿತು. ಮುಂದಿನ ನೋವಿಗೆ ಇನ್ನೂ ನಿಧಾನವಾಯಿತು. ನರ್ಸ್ ಡಾಕ್ಟರನ್ನು ಕರೆದರು, ಡಾಕ್ಟರು ಕಾಗದದ ಗೆರೆಯನ್ನು ನೋಡಿ "ಆಪರೇಷನ್ನಿಗೆ ತಗೊಳ್ಳೋಣ" ಅಂದರು. ಅಷ್ಟೇ. ಆಮೇಲೆ ಎಲ್ಲರೂ ಬೇಗ ಬೇಗ ನಡೆದರು.

ಒಳಗೆ ಕರೆದೊಯ್ಯುವ ಮೊದಲು ಮೈಮೇಲಿನದನ್ನೆಲ್ಲ ತೆಗೆಯಬೇಕಿತ್ತು. ನರ್ಸ್ ಬಳೆ, ತಾಳಿ, ಎರಡು ಲಿಂಗಗಳನ್ನು ಬಿಚ್ಚಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಉಳಿದದ್ದನ್ನು ಚೀಲಕ್ಕೆ ಹಾಕಿ, ಮಗುವಿನ ಲಿಂಗವನ್ನು ಮಾತ್ರ ಅಂಗೈಯಲ್ಲಿ ಮುಚ್ಚಿ ಹಿಡಿದು ಬೆಂಚಿನ ಮೇಲೆ ಕೂತರು. ಮಗುವಿಗಿಂತ ಮೊದಲು ಅದರ ಲಿಂಗ ಹೊರಗೆ ಬಂದಿತ್ತು.

ಬಾಗಿಲು ಮುಚ್ಚಿತು. ಹೊರಗೆ ಒಳ್ಳೆಯ ಬಿಸಿಲು, ರಸ್ತೆಯಲ್ಲಿ ಬಸ್ಸಿನ ಹಾರ್ನ್. ಎದೆಬಡಿತದ ಸದ್ದು ಈಗ ಕೇಳುತ್ತಿರಲಿಲ್ಲ. ಅತ್ತೆ ನನಗೆ ಸಮಾಧಾನ ಹೇಳಲೆಂದೇ ಮೆಲ್ಲಗೆ ಹೇಳಿದರು: "ಹೆದರಬ್ಯಾಡ್ರಿ ಅಳಿಯಂದ್ರೇ. ಅಮ್ಮ ಇಬ್ರಿಗೂ ಬಲ ಕೊಟ್ಟಿದ್ಲು ನೋಡ್ರಿ. ಆಕೆ ಕೇಳಿದ ನೋವೂ ಆತು, ನಾನು ಕೇಳಿದ ಆಪರೇಷನ್ನೂ ಆತು. ಸುಳ್ಳಾಗಲಿಲ್ಲ."

ಅವರಿಗೆ ಗೊತ್ತಿರಲಿಲ್ಲ. ಒಂದು ಎಸಳಿಗೆ ಕೇಳಿದ ಪ್ರಶ್ನೆಗಳು ಮೂರು. ಎರಡು ನಡೆದುಹೋಗಿದ್ದವು. ಉಳಿದದ್ದು ನನ್ನದು, ನನ್ನ ನೆನಪು ನಿಜವಾದರೆ ಅವಳದೂ.

ಇದೆಲ್ಲ ಲೆಕ್ಕವಲ್ಲ ಎಂದು ನನಗೆ ಗೊತ್ತಿತ್ತು. ಡಾಕ್ಟರು ಶುಕ್ರವಾರವೇ ಹೇಳಿದ್ದರು, ನೋವು ಬರಿಸಿದರೆ ಆಪರೇಷನ್ ಆಗಬಹುದೆಂದು. ಅದರಲ್ಲಿ ಹೂವಿನದೇನೂ ಇಲ್ಲ. ತರಗತಿಯಲ್ಲಿ ಯಾವ ಹುಡುಗನಾದರೂ ಹೀಗೆ ವಾದಿಸಿದ್ದರೆ ಎಲ್ಲಿ ಎಡವಿದ್ದಾನೆ ಎಂದು ತೋರಿಸಿಕೊಡುತ್ತಿದ್ದೆ. ಆದರೆ ಆ ಬೆಂಚಿನ ಮೇಲೆ ಕೂತಾಗ, ನಾನು ಕಲಿತದ್ದು ನನ್ನ ಪಕ್ಕದಲ್ಲಿ ಬೇರೆ ಯಾರದೋ ಚೀಲದ ಹಾಗೆ ಇತ್ತು. ಆ ಬಾಗಿಲಿನ ಕಡೆ ನೋಡುತ್ತ, ಯಾರನ್ನು ಉದ್ದೇಶಿಸಿ ಎಂದು ತಿಳಿಯದೆ, ನಾನು ಕೇಳಿದ್ದನ್ನು ವಾಪಸ್ಸು ತೆಗೆದುಕೊಂಡೆ. ಕೇಳಲೇ ಇಲ್ಲ ಅಂದುಕೋ ಅಂದೆ. ಬಾಯಿಬಿಟ್ಟು ಅಂದೆನೇನೋ. ಅತ್ತೆ ತಿರುಗಿ ನೋಡಿದರು.

ಅಳು ಕೇಳಲಿಲ್ಲ. ಸಿನಿಮಾಗಳಲ್ಲಿ ಅಳು ಕೇಳುತ್ತದೆ. ನಮಗೆ ಬಾಗಿಲಿನ ಹಿಂದೆ ಯಾರೋ ಬೇಗ ನಡೆದದ್ದು, ಏನೋ ಲೋಹದ ಸಾಮಾನು ಇಟ್ಟದ್ದು ಕೇಳಿತು. ಆಮೇಲೆ ಅದೂ ಇಲ್ಲ. ಅತ್ತೆ ಮುಚ್ಚಿದ ಕೈಯನ್ನು ಎದೆಗೆ ಒತ್ತಿಕೊಂಡರು. ಅವರು ಎಷ್ಟೋ ವರ್ಷಗಳ ಹಿಂದಿನ ಇಂಥದೇ ನಿಶ್ಶಬ್ದದೊಳಗೆ ಇದ್ದರು ಎಂದು ನನಗೆ ತಿಳಿಯಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಬಾಗಿಲು ತೆರೆದು ನರ್ಸ್ ಹೊರಗೆ ಬಂದರು, ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು. "ಹೆಣ್ಣು. ಅಳಾಕೆ ಸ್ವಲ್ಪ ಸತಾಯಿಸಿದ್ಲು. ಈಗ ಚೆನ್ನಾಗವ್ಳೆ. ತಾಯಿನೂ ಚೆನ್ನಾಗವ್ರೆ."

ಅತ್ತೆ ಅಂಗೈ ಬಿಚ್ಚಿ ಲಿಂಗವನ್ನು ಮಗುವಿನ ಎದೆಗೆ ಮುಟ್ಟಿಸಿದರು. ಮಗು ಆಗ ಕಣ್ಣು ತೆರೆದು, ನನ್ನ ಭುಜದ ಹಿಂದೆ ಯಾವುದನ್ನೋ ದಿಟ್ಟಿಸಿ ನೋಡಿತು. ಹುಟ್ಟಿದ ಮಗುವಿಗೆ ಅಷ್ಟು ದೂರ ಕಾಣುವುದಿಲ್ಲ ಎಂದು ಓದಿದ್ದೇನೆ. ಆದರೂ ಹಿಂದಕ್ಕೆ ತಿರುಗಿ ನೋಡಿದೆ. ಗೋಡೆಯಿತ್ತು.

ಮಗಳು ಈಗ ಚನ್ನಗಿರಿಯ ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತಾಳೆ. ಅವಳಿಗೆ ಜ್ವರ ಬಂದಾಗಲೆಲ್ಲ ನಾನು ಅಗತ್ಯಕ್ಕಿಂತ ಹೆಚ್ಚು ಸಲ ಎದ್ದು ನೋಡುತ್ತೇನೆ. ಆ ಎಸಳಿನ ಮಾತಿಗೆ ಗಡುವು ಇತ್ತೇ ಎಂಬುದನ್ನು ನಾನು ಕೇಳಿರಲಿಲ್ಲವಲ್ಲ. ಹೆಂಡತಿಗೆ ಇದು ಗೊತ್ತು. "ಮಲಗ್ರೀ, ಉಸಿರಾಡ್ತಾ ಐತೆ" ಅನ್ನುತ್ತಾಳೆ.

ಕಳೆದ ತಿಂಗಳು ಅತ್ತಿಗೆ ಹೊಸ ಫೋನ್ ತೆಗೆದುಕೊಂಡರು. ಹಳೆಯದರಲ್ಲಿದ್ದ ಫೋಟೊ ವಿಡಿಯೋಗಳನ್ನೆಲ್ಲ ಮನೆಯವರ ವಾಟ್ಸಾಪ್ ಗುಂಪಿಗೆ ಸುರಿದರು. ಅದರಲ್ಲಿ ಗುಡಿಯ ಆ ಬೆಳಿಗ್ಗೆಯೂ ಇತ್ತು. ಆಕೆ ಚಿತ್ರೀಕರಿಸುತ್ತಿದ್ದದ್ದು ನಮಗೆ ಯಾರಿಗೂ ತಿಳಿದಿರಲಿಲ್ಲ. ಪಕ್ಕದಿಂದ ತೆಗೆದ ಕಾರಣ ಅಮ್ಮನ ವಿಗ್ರಹವೂ, ಎದುರು ನಿಂತ ನಾವು ಮೂವರೂ ಒಟ್ಟಿಗೆ ಕಾಣುತ್ತೇವೆ. ಯೋಚನೆ ಮೊದಲೋ ಎಸಳು ಮೊದಲೋ ಎಂಬುದು ವಿಡಿಯೋದಲ್ಲಿ ಸಿಗುವುದಿಲ್ಲ ಎಂದು ಗೊತ್ತಿದ್ದೂ ನೋಡಿದೆ. ನನ್ನನ್ನು ನಾನು ನಂಬದೆ ಹೆಂಡತಿಗೂ ತೋರಿಸಿ ಕೇಳಿದೆ. ಅವಳೂ ಅದನ್ನೇ ಹೇಳಿದಳು. ಪೂಜಾರಿ ಗಂಟೆ ಬಾರಿಸಿದಾಗಿನಿಂದ, ಅತ್ತಿಗೆ "ಕೊಟ್ಲು" ಎಂದು ಕೂಗಿ ಮುಗಿಸುವವರೆಗೆ, ನನ್ನ ಕಣ್ಣು ಮುಚ್ಚಿತ್ತು.